ಸದ್ದು ಮಾಡಿಕೊಂಡು ನಡೆಯಿರಿ

ದೀಪಾವಳಿ ಕಳೆದು ಚಳಿ ತುಸು ಚುರುಕಾಯಿತೆಂದರೆ ನಮ್ಮ ಠಾಕುರ್ಲಿ, ಡೊಂಬಿವಲಿ, ಕಲ್ಯಾಣದ ಹುಡುಗರಿಗೆ ಬೆಟ್ಟದ ಹುಚ್ಚು ಹಿಡಿಯುತ್ತದೆ. ಶನಿವಾರ ರಾತ್ರಿ ಕಲ್ಯಾಣ ಸ್ಟೇಷನ್ನಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಬೆನ್ನಿಗೆ ಚೀಲ, ಹಣೆಗೆ ದೀಪ ಕಟ್ಟಿಕೊಂಡ ಗುಂಪುಗಳು ಕಸಾರಾ, ಕರ್ಜತ್ ಗಾಡಿಗಳಿಗೆ ಕಾಯುತ್ತಿರುತ್ತವೆ. ಒಬ್ಬರಿಗೆ ಹರಿಶ್ಚಂದ್ರಗಡ, ಒಬ್ಬರಿಗೆ ಕಳಸೂಬಾಯಿ, ಇನ್ನೊಬ್ಬರಿಗೆ ಖಾಂಡಸ್ ಮೂಲಕ ಭೀಮಾಶಂಕರ. ವಾರವಿಡೀ ಲೋಕಲ್ ಗಾಡಿಯಲ್ಲಿ ನೇತಾಡಿ ಬೇಸತ್ತ ಜೀವಗಳು ಒಂದು ದಿನ ಕಾಡಿನ ಗಾಳಿ ಕುಡಿಯಲು ಹೊರಟರೆ ಬೇಡವೆನ್ನುವವರು ಯಾರು? ನಮ್ಮ ಕಟ್ಟಡದ ತಾರಸಿಯಿಂದಲೇ ಮಲಂಗಗಡದ ಸಾಲು ಕಾಣುತ್ತದೆ. ಅದನ್ನು ನೋಡುತ್ತ ಬೆಳೆದ ಮಕ್ಕಳಿಗೆ ಅದನ್ನು ಹತ್ತುವ ಆಸೆ ಬಾರದಿದ್ದರೇ ಆಶ್ಚರ್ಯ.

ಆದರೆ ಇದೇ ಚಳಿಗಾಲ ಇನ್ನೊಂದು ಬಗೆಯ ಜನರಿಗೂ ಕಾಡಿಗೆ ಹೋಗುವ ಕಾಲ. ಭತ್ತದ ಕೊಯ್ಲು ಮುಗಿದಿರುತ್ತದೆ. ಹುಲ್ಲು ಒಣಗಿ ನೆಲ ತೆರೆದಿರುತ್ತದೆ. ಕಾಡುಹಂದಿ ಎಲ್ಲಿ ಇಳಿಯುತ್ತದೆ, ಎಲ್ಲಿ ನೀರು ಕುಡಿಯುತ್ತದೆ ಎಂಬುದು ಊರಿನವರಿಗೆ ಗೊತ್ತಿರುತ್ತದೆ. ಬೇಟೆಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

“ಬೇಟೆಯೇ ನಿಷೇಧವಲ್ಲವೇ?” ಎಂದು ವಾಚಕರು ಕೇಳಬಹುದು. ನಿಜ. ಹಿಂದೆ ಬೇಟೆಗೆ ಸರಕಾರವೇ ಪರವಾನಗಿ ಕೊಡುತ್ತಿತ್ತು. 1951ರ ಮುಂಬಯಿ ರಾಜ್ಯದ ಕಾಯಿದೆಯಲ್ಲಿ ಪರವಾನಗಿಗೂ ಬೇಟೆ ಕೂಡದ ತಿಂಗಳುಗಳಿಗೂ ವ್ಯವಸ್ಥೆಯಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1991ರ ತಿದ್ದುಪಡಿಯಿಂದ ಹವ್ಯಾಸದ ಬೇಟೆಯ ಬಾಗಿಲು ಪೂರ್ತಿ ಮುಚ್ಚಿತು. ಮನುಷ್ಯರಿಗೆ ಅಪಾಯವಾಗಿರುವ ಅಥವಾ ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಬೇಕಾದರೆ ಅಧಿಕಾರಿಗಳ ಲಿಖಿತ ಅಪ್ಪಣೆ ಬೇಕು. ಕಾಗದದ ಮಟ್ಟಿಗೆ ನಮ್ಮ ಕಾಡಿನಲ್ಲಿ ಬೇಟೆಗಾರನೇ ಇಲ್ಲ. ಇಪ್ಪತ್ತು ವರ್ಷ ಸರಕಾರಿ ಕಚೇರಿಯಲ್ಲಿ ಫೈಲು ತಿರುವಿದ ನನಗೆ, ಕಾಗದದಲ್ಲಿ ಇಲ್ಲದವರು ಎದುರಿಗೆ ಬಂದು ನಿಲ್ಲುವುದು ಹೊಸ ಅನುಭವವೇನಲ್ಲ.

2025ರ ಜನವರಿ ಕೊನೆಯಲ್ಲಿ ಪಾಲ್ಘರ್ ಜಿಲ್ಲೆಯ ಮನೋರ್ ಕಡೆಯ ಬೋರ್ಶೇಟಿ ಕಾಡಿನಲ್ಲಿ ನಡೆದುದನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಹಳ್ಳಿಯ ಕೆಲವರು ಹಂದಿ ಬೇಟೆಗೆ ಹೋದರು. ಗುಂಪು ಚದುರಿತು. ಪೊದೆಯಲ್ಲಿ ಅಲುಗಾಡಿದ್ದು ಹಂದಿಯೆಂದು ಒಬ್ಬ ಗುಂಡು ಹಾರಿಸಿದ. ಅಲ್ಲಿದ್ದದ್ದು ಅವರದೇ ಊರಿನವನು. ಪ್ರಾಣ ಹೋಯಿತು. ಬೇಟೆಯೇ ಅಪರಾಧವಾದ್ದರಿಂದ ಉಳಿದವರು ಹೆದರಿ, ಪೊಲೀಸರಿಗೆ ತಿಳಿಸದೆ ಹೆಣವನ್ನು ಬಚ್ಚಿಟ್ಟರು. ವಿಷಯ ಹೊರಗೆ ಬರಲು ದಿನಗಳೇ ಹಿಡಿದವು. ಊರಿನ ಕಾಡನ್ನು ಅಂಗೈಯಂತೆ ಬಲ್ಲವರ ಗತಿಯೇ ಹೀಗಾದರೆ, ಠಾಕುರ್ಲಿಯಿಂದ ಹೋಗಿ ಕತ್ತಲಲ್ಲಿ ದಾರಿ ತಡಕುವ ನಮ್ಮ ಮಕ್ಕಳ ಪಾಡೇನು? ಕೋವಿಯೊಂದೇ ಅಲ್ಲ, ಹಂದಿಗೆಂದು ಕಟ್ಟಿದ ಉರುಳು, ಕದ್ದ ವಿದ್ಯುತ್ತು ಹರಿಸಿದ ತಂತಿ ಇವೂ ಹೊಲದಂಚಿನಲ್ಲೇ ಇರುತ್ತವೆ. ಬೆಟ್ಟದ ಬುಡ ಸೇರಲು ಎಲ್ಲರೂ ತುಳಿಯುವುದು ಹೊಲದಂಚನ್ನೇ.

ಬೇಟೆಯೆಂದರೆ ಮೂಗು ಮುರಿಯುವ ವಂಶವಲ್ಲ ನಮ್ಮದು. ನನ್ನ ಊರು ಸುಳ್ಯ ತಾಲೂಕಿನ ಘಟ್ಟದ ಬುಡ. ತುಳುನಾಡಿನಲ್ಲಿ ಫೆಬ್ರವರಿಯಲ್ಲಿ ಬರುವ ಕೆಡ್ಡಸದ ಮೂರು ದಿನ ಭೂಮಿತಾಯಿಗೆ ವಿಶ್ರಾಂತಿ. ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ. ಆಗ ಊರೊಟ್ಟಿನ ಬೇಟೆಗೆ ಹೋಗುವ ಪದ್ಧತಿ ಹಿಂದೆ ಇತ್ತು. ಘಟ್ಟದ ಮೇಲೆ ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ. ಹಿಂದೆ ಬೇಟೆಗೆ ಹೊರಡುತ್ತಿದ್ದವರು ಈಗ ತೆಂಗಿನಕಾಯಿಗೆ ಗುರಿಯಿಟ್ಟು ತೃಪ್ತರಾಗುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿ, ಬೇಟೆಯದಲ್ಲ.

ನನ್ನ ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತಂತೆ. ಬೇಟೆಯ ಕಥೆಗಳನ್ನು ನನಗೆ ಹೇಳಿದವರು ದೊಡ್ಡಪ್ಪ. ಅದರಲ್ಲಿ ಹಂದಿಯ ಗಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ನಿಯಮಗಳು ಮಾತ್ರ ಬದಲಾಗುತ್ತಿರಲಿಲ್ಲ. ಬೇಟೆಯ ಹಿಂದಿನ ಸಂಜೆ ಒಬ್ಬ ಆಳು ಮನೆಮನೆಗೆ ಹೋಗಿ, ನಾಳೆ ಇಂಥ ಗುಡ್ಡಕ್ಕೆ ಬೇಟೆ ಎಂದು ಹೇಳಿ ಬರಬೇಕು. ಆ ದಿನ ಹೆಂಗಸರು ಅಲ್ಲಿಗೆ ಸೊಪ್ಪಿಗೆ ಹೋಗುವಂತಿಲ್ಲ, ದನ ಬಿಡುವಂತಿಲ್ಲ. ಸೋವಿನವರು ಕೂಗುತ್ತ, ತಮಟೆ ಬಡಿಯುತ್ತ ಬರಬೇಕು. ಬಿಲ್ಲಿಗೆ ನಿಂತವನು ಜಾಗ ಬಿಟ್ಟು ಕದಲಕೂಡದು. ಎಲೆ ಅಲುಗಾಡಿತೆಂದು ಗುಂಡು ಹೊಡೆಯಕೂಡದು. ಪ್ರಾಣಿಯ ಮೈ ಕಂಡ ಮೇಲೆಯೇ ಕುದುರೆ ಎಳೆಯಬೇಕು. ಇದನ್ನು ಮೀರಿದವನನ್ನು ಮುಂದಿನ ವರ್ಷ ಯಾರೂ ಕರೆಯುತ್ತಿರಲಿಲ್ಲ.

ಈ ಮಾತು ಅಮೆರಿಕೆಯಲ್ಲಿ ಕಾನೂನಾಗಿ ಬಂದಿದೆಯೆಂದು ತಿಳಿದಾಗ ನನಗೆ ಸೋಜಿಗವಾಯಿತು. ಅಲ್ಲಿ ಇಂದಿಗೂ ಬೇಟೆಗೆ ಗೊತ್ತಾದ ತಿಂಗಳುಗಳಿವೆ, ಪರವಾನಗಿಯಿದೆ; ಅದೇ ಕಾಡಿನಲ್ಲಿ ಚಾರಣಿಗರೂ ನಡೆಯುತ್ತಾರೆ. ಮೇನ್ ಎಂಬ ರಾಜ್ಯದಲ್ಲಿ 1988ರ ನವೆಂಬರಿನಲ್ಲಿ ಎಳೆಯ ಮಕ್ಕಳ ತಾಯಿಯೊಬ್ಬಳು ತನ್ನ ಮನೆಯ ಹಿತ್ತಿಲಲ್ಲೇ ಬೇಟೆಗಾರನ ಗುಂಡಿಗೆ ಬಲಿಯಾದಳು. ಅವಳ ಕೈಯಲ್ಲಿದ್ದುದು ಬಿಳಿಯ ಕೈಗವಸು. ಅಲ್ಲಿನ ಜಿಂಕೆಯ ಬಾಲದ ಅಡಿಭಾಗವೂ ಬಿಳಿ. ಹೊಡೆದವನು ಕೋರ್ಟಿನಲ್ಲಿ ಬಿಡುಗಡೆಯಾದ. ಊರೆಲ್ಲ ಎರಡು ಪಂಗಡವಾಗಿ ಜಗಳಾಡಿತು. ಆ ಬಳಿಕ, ಗುರಿ ಏನೆಂದು ಸ್ಪಷ್ಟವಾಗಿ ಕಂಡಲ್ಲದೆ ಗುಂಡು ಹಾರಿಸಕೂಡದೆಂಬ ಕಾನೂನು ಅಲ್ಲಿ ಬಂತು. ಬೇಟೆಗಾರರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಉಡುಪು ತೊಡಬೇಕು. ಚಾರಣಿಗರೂ ತೊಡುವುದು ರೂಢಿ. ಭಾನುವಾರ ಆ ರಾಜ್ಯದಲ್ಲಿ ಬೇಟೆಯೇ ಇಲ್ಲ. ಅಂದು ಕಾಡು ನಡೆಯುವವರಿಗೆ.

ಕಿತ್ತಳೆ ಬಣ್ಣವೇ ಏಕೆ? ನಾನು ಓದಿದ ಬಿ.ಎಸ್ಸಿ. ಕಚೇರಿಯಲ್ಲಿ ಎಂದೂ ಉಪಯೋಗಕ್ಕೆ ಬಂದದ್ದಿಲ್ಲ, ಇಲ್ಲಾದರೂ ಬರಲಿ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ; ಜಿಂಕೆಗೆ ಎರಡೇ. ಅದಕ್ಕೆ ಕಿತ್ತಳೆಗೂ ಎಲೆಯ ಹಸಿರಿಗೂ ಹೆಚ್ಚು ಭೇದ ತಿಳಿಯದು. ಹಾಗಾಗಿ ಆ ಬಣ್ಣ ಪ್ರಾಣಿಯನ್ನು ಬೆದರಿಸದೆ ಮನುಷ್ಯನಿಗೆ ಮಾತ್ರ ಎಚ್ಚರಿಕೆ ಕೊಡುತ್ತದೆ. ಆದರೆ ಇದು ಹಗಲಿನ ಮಾತು. ಕತ್ತಲಲ್ಲಿ ನಮ್ಮ ಕಣ್ಣಿಗೂ ಬಣ್ಣವಿಲ್ಲ. ರಾತ್ರಿ ದೀಪ ಹಿಡಿದು ಬೇಟೆಯಾಡುವವನು ಹುಡುಕುವುದು ಪ್ರಾಣಿಯ ಕಣ್ಣಿನ ಹೊಳಪನ್ನು. ಮನುಷ್ಯನ ಕಣ್ಣು ಹಾಗೆ ಹೊಳೆಯದು, ಸರಿ. ಆದರೆ ಈಗಿನ ಬೂಟುಗಳ, ಚೀಲಗಳ ಹಿಂದೆ ದೀಪ ಬಿದ್ದರೆ ಮಿನುಗುವ ಪಟ್ಟಿಗಳಿರುತ್ತವಲ್ಲ, ಅವು ಪೊದೆಯ ಸಂದಿನಲ್ಲಿ ದೂರದಿಂದ ಹೇಗೆ ಕಂಡಾವು ಎಂದು ಯೋಚಿಸಿ.

ಇಷ್ಟೆಲ್ಲ ನನ್ನ ತಲೆಗೆ ಹತ್ತಲು ಕಾರಣ ನನ್ನ ಮಗ. ಕಾಲೇಜಿನ ಗೆಳೆಯರೊಡನೆ ಖಾಂಡಸ್‌ನಿಂದ ರಾತ್ರಿ ಒಂದು ಗಂಟೆಗೆ ಹತ್ತಲು ತೊಡಗಿ ಸೂರ್ಯೋದಯಕ್ಕೆ ಭೀಮಾಶಂಕರ ಸೇರುವುದೆಂದು ಅವರ ಯೋಜನೆ. ಅದಕ್ಕಾಗಿ ಒಂದು ಜಾಕೀಟು ಕೊಂಡು ತಂದ. ಹಸಿರು, ಕಂದು, ಕಪ್ಪು ತೇಪೆಗಳ, ಸಿಪಾಯಿಗಳ ಉಡುಪಿನಂಥದು.

“ಇದನ್ನು ಹಾಕಿಕೊಂಡರೆ ಕಾಡಿನಲ್ಲಿ ನಾವು ಕಾಣುವುದೇ ಇಲ್ಲ ಅಪ್ಪ,” ಎಂದ ಹೆಮ್ಮೆಯಿಂದ.

“ಕಾಣದಿದ್ದರೆ ನಿನಗೇನು ಲಾಭ?” ಎಂದು ಕೇಳಿದೆ. ಅವನಲ್ಲಿ ಉತ್ತರವಿರಲಿಲ್ಲ.

ಅವನ ತಾಯಿ ಬೋರ್ಶೇಟಿಯ ಸುದ್ದಿಯನ್ನು ನೆನಪಿಸಿ, ಹೋಗುವುದೇ ಬೇಡವೆಂದಳು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಕೊನೆಗೆ ಊರಿಗೆ ಫೋನು ಹಚ್ಚಿ ದೊಡ್ಡಪ್ಪನನ್ನೇ ಪಂಚಾಯಿತಿಗೆ ಕರೆದೆ. ಎಂಬತ್ತು ದಾಟಿದ ಜೀವ. “ಹುಡುಗ ಹೋಗಲಿ ಮಾರಾಯ, ಕಾಲಿಗೆ ಬಲ ಇರುವಾಗ ಹೋಗದೆ ಮತ್ತೆ ಯಾವಾಗ? ಆದರೆ ಕಳ್ಳನ ಹಾಗೆ ರಾತ್ರಿ ಹೋಗುವುದು ಬೇಡ. ಹಗಲು ಹೋಗಲಿ, ಊರಿನವರಿಗೆ ಹೇಳಿ ಹೋಗಲಿ, ಕೂ ಹಾಕಿಕೊಂಡು ಹೋಗಲಿ,” ಎಂದರು.

ಅಂತೂ ಹಾಗೇ ಆಯಿತು. ಹುಡುಗರ ಜತೆ ನಾನೂ ಹೊರಟೆ. ಬೆಳಕು ಹರಿದ ಮೇಲೆ ಖಾಂಡಸ್‌ನಲ್ಲಿ ಠಾಕರ ಸಮಾಜದ ಒಬ್ಬ ಹಿರಿಯರನ್ನು ದಾರಿ ತೋರಿಸಲು ಗೊತ್ತು ಮಾಡಿಕೊಂಡೆವು. ಮಗ ಕೆಂಪು ಅಂಗಿ ತೊಟ್ಟಿದ್ದ. ಜಾಕೀಟು ಚೀಲದ ಅಡಿಯಲ್ಲಿತ್ತು. ಆ ಹಿರಿಯರು ಪ್ರತಿ ತಿರುವಿನಲ್ಲಿ ಒಮ್ಮೆ ಗಟ್ಟಿಯಾಗಿ ಕೂಗುತ್ತಿದ್ದರು. ಹುಡುಗರು ನಕ್ಕಾಗ, “ಆವಾಜ್ ಕರತ್ ಚಲಾ,” ಎಂದರು. ಸದ್ದು ಮಾಡಿಕೊಂಡು ನಡೆಯಿರಿ. ಸುಳ್ಯದ ದೊಡ್ಡಪ್ಪನ ಮಾತೇ ಮರಾಠಿಯಲ್ಲಿ.

ಊಟಕ್ಕೆ ಕುಳಿತಾಗ ಅವರೇ ಹೇಳಿದರು. ತಮ್ಮ ನಂಟರ ಹಾಡಿಯ ಹುಡುಗನೊಬ್ಬ ಹೋದ ಚಳಿಗಾಲದಲ್ಲಿ ನಸುಕಿಗೆ ಸೌದೆಗೆಂದು ಹೋಗಿದ್ದ. ತೊಡೆಗೆ ಚರೆ ಹೊಡೆಯಿತು. ಮುಳ್ಳಿನ ಮೇಲೆ ಬಿದ್ದನೆಂದು ಮನೆಯವರು ಎಲ್ಲರಿಗೂ ಹೇಳಿದರು. “ದೂರು ಕೊಡಲಿಲ್ಲವೇ?” ಎಂದೆ. “ಹೊಡೆದವನೂ ನಮ್ಮವನೇ, ಸಾಹೇಬ,” ಎಂದು ಸುಮ್ಮನಾದರು. ಆ ಹುಡುಗ ಈಗಲೂ ಕುಂಟುತ್ತಾನಂತೆ.

ಅಲ್ಲಿಯವರೆಗೆ ನನ್ನ ಲೆಕ್ಕದಲ್ಲಿ ಇಬ್ಬರೇ ಇದ್ದರು: ನಡೆಯುವವನು, ಬೇಟೆಯಾಡುವವನು. ಮೂರನೆಯವರು ದಿನವೂ ಸೌದೆಗೆ, ಸೊಪ್ಪಿಗೆ, ದನ ಕಾಯಲು ಅದೇ ಕಾಡಿಗೆ ಹೋಗಲೇಬೇಕಾದವರು. ಅವರಿಗೆ ಭಾನುವಾರವೂ ಇಲ್ಲ, ಕಿತ್ತಳೆ ಅಂಗಿಯೂ ಇಲ್ಲ. ಬೇಟೆಯಾಡುವವನು ಶಿಕ್ಷೆಯ ಭಯದಿಂದ ಅಡಗುತ್ತಾನೆ. ಅನುಮತಿಯಿಲ್ಲದೆ ನುಗ್ಗುವ ಚಾರಣಿಗನೂ ಅಡಗುತ್ತಾನೆ. ಇಬ್ಬರೂ ಅಡಗಿದ ಕಾಡಿನಲ್ಲಿ ಮೊದಲು ಪೆಟ್ಟು ತಿನ್ನುವವನು ಅಡಗಲು ಕಾರಣವೇ ಇಲ್ಲದವನು. ಹಳೆಯ ಬೇಟೆ ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಕಾಡಿನಲ್ಲಿ ಅಷ್ಟು ಪ್ರಾಣಿಗಳೂ ಉಳಿದಿಲ್ಲ. ಅದರೊಂದಿಗಿದ್ದ ‘ಹೇಳಿ ಹೋಗುವ’ ಪದ್ಧತಿ ಮಾತ್ರ ಉಳಿಯಬೇಕಿತ್ತು.

2024ರ ಜನವರಿಯಲ್ಲಿ ನಮ್ಮೂರ ಕಡೆಯ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ಬಳಿಕ ಕರ್ನಾಟಕ ಸರಕಾರ ಚಾರಣಕ್ಕೆ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಿತು. ಎಷ್ಟು ಕಿರುಕುಳ ಎಂದು ಗೊಣಗಿದವರಿದ್ದಾರೆ. ನನಗೆ ಮಾತ್ರ ಅದು ಹಿಂದಿನ ಸಂಜೆ ಮನೆಮನೆಗೆ ಹೋಗಿ ಹೇಳಿ ಬರುತ್ತಿದ್ದ ಆಳಿನ ಕೆಲಸದಂತೆಯೇ ಕಾಣುತ್ತದೆ: ಇಂದು ಈ ಗುಡ್ಡದಲ್ಲಿ ಇಷ್ಟು ಜನರಿದ್ದಾರೆ ಎಂಬುದು ಯಾರಿಗಾದರೂ ಗೊತ್ತಿರುತ್ತದೆ.

ನಮ್ಮ ಸಂಘದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳು ಬೆಟ್ಟಕ್ಕೆ ಹೊರಟರೆ ತಡೆಯಬೇಡಿ. ಅರಣ್ಯ ನಾಕೆಯಲ್ಲಿ ಹೆಸರು ಬರೆಸಲಿ. ಬುಡದ ಹಳ್ಳಿಯವರೊಬ್ಬರನ್ನು ಕೂಲಿ ಕೊಟ್ಟು ಜತೆಗೆ ಕರೆದೊಯ್ಯಲಿ. ಬೆಳಕಿರುವಾಗ ನಡೆದು ಬೆಳಕಿರುವಾಗಲೇ ಇಳಿಯಲಿ. ಕಾಲುದಾರಿ ಬಿಟ್ಟು ಪೊದೆಗೆ ನುಗ್ಗದಿರಲಿ; ನೆಲದಲ್ಲಿ ತಂತಿ ಕಂಡರೆ ಮುಟ್ಟದಿರಲಿ. ಉಟ್ಟ ಬಟ್ಟೆ ಕೆಂಪೋ ಹಳದಿಯೋ ಆಗಿರಲಿ. ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದ್ದಕ್ಕೆ ನಾವು ಗದರಿಸುವ ಮಕ್ಕಳು ಅಲ್ಲಿಯಾದರೂ ಕನ್ನಡದಲ್ಲಿ ಗಂಟಲು ಬಿಚ್ಚಿ ಹಾಡಿಕೊಂಡು ಹೋಗಲಿ.

ಆ ಜಾಕೀಟು ಈಗ ನನ್ನ ಪಾಲಿಗೆ ಬಂದಿದೆ. ಬೆಳಗಿನ 7 ಗಂಟೆಗೆ 90 ಅಡಿ ರಸ್ತೆಯಲ್ಲಿ ಹಾಲು ತರಲು ಹೋಗುವಾಗ ಚೆನ್ನಾಗಿ ಬೆಚ್ಚಗಿರುತ್ತದೆ.