ಗಾಯ ಮುಚ್ಚದ ಗೋಡೆ

ಸಾವಿರ ಬೆಟ್ಟಗಳ ನಾಡೆಂದು ಹೆಸರಾದ ಆಫ್ರಿಕದ ರುವಾಂಡ ದೇಶವನ್ನು ಸಂದರ್ಶಿಸುವ ಅವಕಾಶ ನಮಗೊದಗಿತ್ತು. ರಾಜಧಾನಿ ಕಿಗಾಲಿಯ ಸಂಸತ್ ಭವನದ ಗೋಡೆಗಳಲ್ಲಿ ಗುಂಡುಗಳು ಕೊರೆದ ಗುಳಿಗಳನ್ನು ಮುಚ್ಚದೆ ಉಳಿಸಿದ್ದಾರೆ. ನರಮೇಧವನ್ನು ನಿಲ್ಲಿಸಿದ ಹೋರಾಟದ ವಸ್ತುಸಂಗ್ರಹಾಲಯವು 2017ರಲ್ಲಿ ಈ ಭವನದಲ್ಲಿಯೇ ತೆರೆಯಿತು.

ಅರೂಷಾ ಶಾಂತಿ ಒಪ್ಪಂದದಂತೆ 1993ರ ಡಿಸೆಂಬರಿನಲ್ಲಿ ರುವಾಂಡ ದೇಶಾಭಿಮಾನಿ ರಂಗದ 600 ಸೈನಿಕರು ತಮ್ಮ ಮುಖಂಡರ ರಕ್ಷಣೆಗೆಂದು ಇಲ್ಲಿ ಬೀಡುಬಿಟ್ಟಿದ್ದರು. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಲಾಯಿತು. ಮರುದಿನದಿಂದ ಟುಟ್ಸಿ ಜನರ ಕಗ್ಗೊಲೆ ಮೊದಲಾಯಿತು. ಸುಮಾರು 100 ದಿನಗಳಲ್ಲಿ 8 ಲಕ್ಷದಷ್ಟು ಜನ ಹತರಾದರೆಂದು ವಿಶ್ವಸಂಸ್ಥೆಯ ತನಿಖಾ ವರದಿ ಹೇಳುತ್ತದೆ. ಅದೇ ಸಂಸ್ಥೆಯ ಭದ್ರತಾ ಮಂಡಲಿಯು ಏಪ್ರಿಲ್ 21ರಂದು ತನ್ನ ಶಾಂತಿಪಡೆಯನ್ನು ಸುಮಾರು 270 ಮಂದಿಗೆ ಇಳಿಸಲು ನಿರ್ಣಯಿಸಿತು!

ಲೋಕವು ಹಿಂದೆ ಸರಿದಾಗ ಈ ಭವನದಲ್ಲಿದ್ದವರು ಮುತ್ತಿಗೆಯನ್ನು ಭೇದಿಸಿ ಹೊರಬಂದರು. ಜೂನ್ ತಿಂಗಳ ಒಂದು ರಾತ್ರಿ ರಂಗದ ಸೈನಿಕರು ಶತ್ರುವಲಯವನ್ನು ದಾಟಿ, ಸೇಂಟ್ ಪಾಲ್ ಕೇಂದ್ರದಲ್ಲಿ ಆಶ್ರಯ ಪಡೆದಿದ್ದವರನ್ನು ಬಿಡಿಸಿ ತಂದರು. ಜುಲೈ 4ರಂದು ಕಿಗಾಲಿ ಅವರ ವಶವಾಯಿತು.

ಇದು ಗೆದ್ದವರು ಹೇಳುವ ಕಥೆ ಎಂಬುದನ್ನೂ ಮರೆಯಲಾಗದು. ಆ ರಂಗದ ಸೈನಿಕರೂ ನಿರಪರಾಧಿಗಳನ್ನು ಕೊಂದುದನ್ನು ಮಾನವ ಹಕ್ಕುಗಳ ಸಂಸ್ಥೆಗಳು ದಾಖಲಿಸಿವೆ. ಆದರೂ ಅವರಿಂದ ಜೀವ ಉಳಿಸಿಕೊಂಡವರ ಪಾಲಿಗೆ ಆ ರಾತ್ರಿಯ ಸತ್ಯ ಕಡಿಮೆಯಾಗದು.

ಹಬ್ಬ ಬಂದರೆ ಗೋಡೆಯ ಬಿರುಕು ಮುಚ್ಚಿ ಸುಣ್ಣ ಬಳಿಯುವುದು ನಮ್ಮ ರೂಢಿ. ಇಲ್ಲಿ ಶಾಸನ ರೂಪಿಸುವವರು ದಿನವೂ ಆ ಗುಳಿಗಳನ್ನು ಕಂಡೇ ಒಳಗೆ ಹೋಗಬೇಕು. ನೆರೆಮನೆಯ ಆರ್ತನಾದ ಕೇಳಿದಾಗ ಬಾಗಿಲು ಮುಚ್ಚುವೆವೋ, ತೆರೆದು ಹೊರಡುವೆವೋ? ಆ ಗೋಡೆ ನಮ್ಮನ್ನೂ ಹೀಗೆ ಕೇಳಿತು.