ಎರಡು ಸೇರು ತೌಡಿನ ಮಗಳು

ಬೈಂದೂರಿನಿಂದ ಬ್ರಹ್ಮಾವರದ ತನಕ ನಮ್ಮ ಕರಾವಳಿಯಲ್ಲಿ ಮಕ್ಕಳು ಹುಟ್ಟುವುದು ಕಡಿಮೆ, ಕೊಂಡು ತರುವುದೇ ಹೆಚ್ಚು. ಗಂಗೊಳ್ಳಿಯ ನನ್ನ ಗೆಳತಿ ಬಲೆಯಲ್ಲಿ ಬಂಗುಡೆಯ ಜೊತೆ ಬಿದ್ದವಳಂತೆ. ದೊಡ್ಡಪ್ಪನ ಮಗ ಕೋಟೇಶ್ವರದ ಕೊಡಿ ಹಬ್ಬದಲ್ಲಿ ಕಬ್ಬಿನ ಜೊತೆ ಸಿಕ್ಕಿದವನು. ಅಲ್ಲಿಂದ ಹೊಸ ಜೋಡಿಗಳು ಕಬ್ಬಿನ ಕೊಡಿ ತರುವುದು ಸಂತಾನಕ್ಕೇ ಆದ್ದರಿಂದ ಅವನ ಕಥೆಗೆ ಶಾಸ್ತ್ರದ ಆಧಾರವಾದರೂ ಇತ್ತು. ನನ್ನನ್ನು ಮಾತ್ರ ಎರಡು ಸೇರು ತೌಡು ಕೊಟ್ಟು ಕೊರಗರ ಹೆಂಗಸಿನಿಂದ ತಂದದ್ದು.

ಕೊಂಡದ್ದಕ್ಕೆ ನನಗೆ ಬೇಸರವಿರಲಿಲ್ಲ, ಬೆಲೆಗೆ ಇತ್ತು. ತೌಡು ನಮ್ಮಲ್ಲಿ ದನದ ಅಕ್ಕಚ್ಚಿಗೆ ಹಾಕುವ ವಸ್ತು. ಅಕ್ಕನ ವಿಷಯದಲ್ಲಿ ಇಂಥ ವ್ಯಾಪಾರ ನಡೆದಿರಲಿಲ್ಲ. ಅವಳು ಬೆಳ್ಳಗಿದ್ದದ್ದರಿಂದ ಹೆತ್ತ ಮಗಳು ಎಂದು ಯಾರೂ ವಿಚಾರಣೆ ಇಲ್ಲದೆ ಒಪ್ಪಿದ್ದರು. ನಾನು ಕಪ್ಪು. ಮನೆಗೆ ಬಂದ ನೆಂಟರು ನನ್ನನ್ನು ನೋಡಿ ಒಂದು ಕ್ಷಣ ಸುಮ್ಮನಿದ್ದು, "ಕಪ್ಪಾದ್ರೂ ಲಕ್ಷಣ ಇತ್ತ್" ಎಂದು ಅಮ್ಮನಿಗೆ ಧೈರ್ಯ ತುಂಬುತ್ತಿದ್ದರು. ಆ 'ಆದ್ರೂ' ಎಂಬ ಸಣ್ಣ ಶಬ್ದವನ್ನು ದಾಟಿ ಲಕ್ಷಣದ ಹತ್ತಿರ ಹೋಗಲು ನನಗೆ ಬಹಳ ವರ್ಷ ಬೇಕಾಯಿತು. ಅಮ್ಮಮ್ಮ ಮಾತ್ರ ನೇರ. ನಾನು ಹಟ ಮಾಡಿದಾಗಲೆಲ್ಲ, "ಸುಮ್ನೆ ಕೂಕೊ, ಇಲ್ದಿರೆ ತೌಡ್ ವಾಪಸ್ ತಕಂಡ್ ನಿನ್ನ ಕಳ್ಸ್ತೆ" ಎನ್ನುತ್ತಿದ್ದರು.

ಹೀಗೆ ಅನುಮಾನ ಬಲಿತ ಹೊತ್ತಿಗೇ, ಗೆರಸೆ, ಹೆಡಿಗೆ ಮಾರುವ ಕೊರಗರ ಹೆಂಗಸು ಅಂಗಳದ ಬದಿಗೆ ಬಂದಳು. ನಾನು ಬಾಗಿಲ ಹಿಂದೆ ನಿಂತು ಅವಳ ಮೂಗು, ಹಣೆ, ಕೈಬೆರಳು ಎಲ್ಲವನ್ನೂ ನನ್ನವುಗಳೊಂದಿಗೆ ತಾಳೆ ನೋಡಿದೆ. ಅಮ್ಮಮ್ಮ ಗೆರಸೆಯ ಅಂಚು ಒತ್ತಿ ನೋಡಿ, ಕ್ರಯ ಇಳಿಸಿ, ಅಕ್ಕಿ ತರಲು ಒಳಗೆ ಹೋದದ್ದೇ ತಡ, ಓಡಿ ಹೋಗಿ ಕೇಳಿದೆ: "ನನ್ನ ಕೊಟ್ಟದ್ ನೀನೇಯಾ?"

ಅವಳು ನನ್ನನ್ನು ಅಡಿಯಿಂದ ಮುಡಿಯ ತನಕ ಅಳೆದಳು. ಎಷ್ಟೋ ಮನೆಗಳ ಅಂಗಳದಲ್ಲಿ ಈ ಪ್ರಶ್ನೆ ಕೇಳಿಸಿಕೊಂಡಿರಬೇಕು. ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. "ಹೌದ್ ಸಣ್ಣಮ್ಮ, ನಾನೇ ಕೊಟ್ಟದ್. ಆ ತೌಡ್ ಪೂರಾ ಹುಳ ಹಿಡ್ದಿತ್. ನಂಗೇ ಮೋಸ ಆಯ್ತ್."

ನಾನು ಕಪ್ಪೋ ಬಿಳುಪೋ ಎಂಬುದನ್ನು ಬಿಟ್ಟು, ಕೊಟ್ಟ ತೌಡು ಸರಿ ಇರಲಿಲ್ಲ ಎಂದು ತೀರ್ಮಾನಿಸಿದ ಮೊದಲ ಮನುಷ್ಯೆ ಅವಳು. ಅವತ್ತು ರಾತ್ರಿ ಅಮ್ಮಮ್ಮನಿಗೆ, ನಿಮ್ಮ ತೌಡಿನ ಸಂಗತಿ ಎಲ್ಲರಿಗೂ ಗೊತ್ತುಂಟು ಎಂದೆ. ಅಷ್ಟು ಮಾತಾಡುವ ಅಮ್ಮಮ್ಮನಿಗೆ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಆಗಲೇ.

ಈ ತಮಾಷೆಯ ಬೇರು ಎಲ್ಲಿಗೆ ಹೋಗುತ್ತದೆ ಎಂದು ತಿಳಿದದ್ದು ದೊಡ್ಡವಳಾಗಿ ಪುಸ್ತಕ ಓದಿದ ಮೇಲೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಕೊರಗರ ಬಗ್ಗೆ ಬರೆಯುತ್ತ ಒಂದು ಪದ್ಧತಿಯನ್ನು ದಾಖಲಿಸಿದ್ದಾನೆ. ಮೇಲ್ಜಾತಿಯ ಮನೆಯಲ್ಲಿ ಹುಟ್ಟಿದ ಮಕ್ಕಳು ಒಂದರ ಮೇಲೊಂದು ತೀರಿಕೊಂಡರೆ, ಉಳಿದ ಮಗುವನ್ನು ಕೊರಗ ಹೆಂಗಸಿನ ಮಡಿಲಿಗೆ ಹಾಕುತ್ತಿದ್ದರು. ಅವಳಿಗೆ ಎಣ್ಣೆ, ಅಕ್ಕಿ, ತಾಮ್ರದ ಕಾಸು. ಅವಳು ಮಗುವಿಗೆ ಹಾಲೂಡಿ, ಕಬ್ಬಿಣದ ಬಳೆ ತೊಡಿಸಿ, ಗಂಡಾದರೆ ಕೊರಗ, ಹೆಣ್ಣಾದರೆ ಕೊರಪೊಳು ಎಂದು ಕರೆದು ತಾಯಿಗೆ ಮರಳಿಸಬೇಕು. ಆಮೇಲೆ ಮಗುವಿಗೆ ಆಯುಷ್ಯ. ಘಟ್ಟದ ಮೇಲೆ ಇದೇ ಉಪಾಯಕ್ಕೆ ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ ಎಂದು ಹೆಸರಿಡುತ್ತಿದ್ದರು. ಯಮನಿಗೆ ಜಾತಿಯ ಪಟ್ಟಿ ಬಾಯಿಪಾಠ ಎಂದೂ, ಕೆಳಗಿನ ಸಾಲಿಗೆ ಅವನು ಕೈ ಹಾಕುವುದಿಲ್ಲ ಎಂದೂ ನಂಬಿದ್ದ ಜನ ನಾವು. ಹಾಗಾಗಿ ಕರಾವಳಿಯ ಎಷ್ಟೋ ಗುತ್ತು, ಮನೆತನಗಳಲ್ಲಿ ಕೊರಗಪ್ಪ ಎಂಬ ಹೆಸರಿನ ಯಜಮಾನರಿದ್ದರು. ಗಡಿಯಾರದ ಸರಪಳಿ ಹಾಕಿ ಚಾವಡಿಯಲ್ಲಿ ಕೂತು ಪಂಚಾಯಿತಿ ಮಾಡುತ್ತಿದ್ದ ಅವರಿಗೆ ಹೆಸರು ಕೊಟ್ಟವಳಿಗೆ ಮಾತ್ರ ಚಾವಡಿಗೆ ಪ್ರವೇಶವಿಲ್ಲ.

ಇದರ ಇನ್ನೊಂದು ಮಗ್ಗುಲು ಹೇಳಲಿಕ್ಕೆ ಕಷ್ಟ. ಕಾಯಿಲೆ ಬಿದ್ದವರ ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿದರೆ ಕಾಯಿಲೆ ಅವರಿಗೆ ದಾಟುತ್ತದೆ ಎಂಬುದು ಅಜಲು ಪದ್ಧತಿಯ ಒಂದು ಭಾಗವಾಗಿತ್ತು. ರಾಜ್ಯ ಸರಕಾರ ಕಾಯ್ದೆ ಮಾಡಿ ಅದನ್ನು ನಿಷೇಧಿಸಿದ್ದು 2000ದಲ್ಲಿ. ಅವರಿಂದ ಆಯುಷ್ಯ ತೆಗೆದುಕೊಳ್ಳುವುದು, ಅವರಿಗೆ ರೋಗ ಕೊಡುವುದು. ಲೆಕ್ಕ ಇಟ್ಟವರು ಯಾರೋ, ನಮ್ಮ ಅಮ್ಮಮ್ಮನಿಗಿಂತ ಜೋರು ವ್ಯಾಪಾರಿಗಳು.

ಇಂಥ ಲೆಕ್ಕವನ್ನು ಮಕ್ಕಳ ಕಣ್ಣಿನಿಂದ ನೋಡುವ ಪುಸ್ತಕಗಳೂ ಇವೆ. ಬೆಳೆಯುವ ಮಕ್ಕಳು, ಬಣ್ಣ, ಮನೆತನ ಇವನ್ನು ಸೇರಿಸಿ ಅಮೆರಿಕದವರು ಮಕ್ಕಳಿಗಾಗಿ ಕಪಾಟು ತುಂಬ ಕಾದಂಬರಿ ಬರೆದಿದ್ದಾರೆ. ಹಾರ್ಪರ್ ಲೀ 1960ರಲ್ಲಿ ಹೊರತಂದ 'ಟು ಕಿಲ್ ಎ ಮಾಕಿಂಗ್‌ಬರ್ಡ್' ದೊಡ್ಡವರ ಪುಸ್ತಕವಾದರೂ ಕಥೆ ಹೇಳುವವಳು ಪುಟ್ಟ ಬಿಳಿಯ ಹುಡುಗಿ. ಕಪ್ಪು ಮನುಷ್ಯನಿಗಾದ ಅನ್ಯಾಯವನ್ನು ಅವಳು ಕೋರ್ಟಿನ ಮೇಲಂತಸ್ತಿನಲ್ಲಿ ಕೂತು ನೋಡುತ್ತಾಳೆ. ಅಲ್ಲಿಂದ ಹದಿನಾರು ವರ್ಷಕ್ಕೆ ಮಿಲ್ಡ್ರೆಡ್ ಟೇಲರ್ ಬರೆದ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ಬಂತು. ಅದರಲ್ಲಿ ನೋಡುವ ಕಣ್ಣೇ ಕಪ್ಪು ಹುಡುಗಿ ಕ್ಯಾಸಿಯದು. ಅವಳಿಗೆ ಅಪ್ಪ, ಅಮ್ಮ, ಅಜ್ಜಿ, ಸ್ವಂತ ಜಮೀನು, ಜಗಳವಾಡುವ ಅಣ್ಣ ತಮ್ಮಂದಿರು ಎಲ್ಲ ಇದ್ದಾರೆ. ಯಾರ ಕನಿಕರಕ್ಕೂ ಕಾಯದ ಸಂಸಾರ ಅದು. ಓದುತ್ತ ನನಗೆ ನಮ್ಮ ಅಂಗಳದ ಬದಿಯಿಂದ ಹೊರಟು ಹೋದ ಹೆಂಗಸು ಯಾವ ಮನೆಗೆ ಹೋದಳು, ಹುಳದ ತೌಡಿನ ಮಾತನ್ನು ಅವಳ ಮಕ್ಕಳಿಗೆ ಹೇಳಿ ಎಷ್ಟು ನಕ್ಕಿರಬಹುದು ಎಂಬ ಯೋಚನೆಯೇ ಬರುತ್ತಿತ್ತು.

ನಮ್ಮಲ್ಲಿ ಏನಿತ್ತು? ಕೋಟದ ಶಿವರಾಮ ಕಾರಂತರು ಮಕ್ಕಳಿಗೆ 'ಬಾಲ ಪ್ರಪಂಚ'ದ ಸಂಪುಟಗಳಲ್ಲಿ ಜಗತ್ತನ್ನೇ ಕೊಟ್ಟರು. ಜಾತಿಯ ಸಂಕಟವನ್ನು ಮಾತ್ರ 1933ರ 'ಚೋಮನ ದುಡಿ'ಯಲ್ಲಿ ದೊಡ್ಡವರಿಗೆ ಬರೆದರು. ನಾನು ಅದನ್ನು ಓದಬಾರದ ವಯಸ್ಸಿನಲ್ಲಿ ಓದಿದೆ. ನನಗೆ ಚೋಮನಿಗಿಂತ ನೆನಪಿರುವುದು ಅವನ ಸಣ್ಣ ಮಗ ನೀಲ. ನೀರಿನಲ್ಲಿ ಮುಳುಗುತ್ತಿದ್ದಾಗ ದಡದಲ್ಲಿ ಜನ ಇದ್ದೂ, ಹೊಲೆಯರ ಹುಡುಗನನ್ನು ಮುಟ್ಟುವವರಿಲ್ಲದೆ ಸತ್ತವನು. ನಮ್ಮ ಕರಾವಳಿಯ ಕಾದಂಬರಿಯಲ್ಲಿ ನನ್ನ ಎತ್ತರದ ಹುಡುಗನೊಬ್ಬ ಸಿಕ್ಕಿದ ಎಂದುಕೊಳ್ಳುವಷ್ಟರಲ್ಲಿ ಅವನು ಬೆಳೆಯುವುದನ್ನೇ ನಿಲ್ಲಿಸಿದ್ದ. ಕುಂದಾಪುರದವರೇ ಆದ ವೈದೇಹಿಯವರ ಮಕ್ಕಳ ನಾಟಕಗಳು ಬಂದವು. ಅವುಗಳನ್ನು ಆಡುವಾಗ ಬಣ್ಣ ಬಳಿದುಕೊಂಡ ಮೇಲೆ ಯಾರು ಕಪ್ಪು ಯಾರು ಬಿಳುಪು ಎಂದು ಗೊತ್ತಾಗದೆ ನನಗೆ ಭಾರೀ ಅನುಕೂಲವಾಗುತ್ತಿತ್ತು.

ಉಳಿದದ್ದು ಯಕ್ಷಗಾನ. ಮಂದಾರ್ತಿ ಮೇಳದವರೋ ಮಾರಣಕಟ್ಟೆ ಮೇಳದವರೋ ಬಭ್ರುವಾಹನ ಕಾಳಗ ಆಡಿದರೆ ಚಾಪೆ ಹಿಡಿದು ಹೋಗುತ್ತಿದ್ದೆವು. ಅರ್ಜುನ ತನ್ನ ಮಗನನ್ನೇ ನೀನು ನನಗೆ ಹುಟ್ಟಿದವನಲ್ಲ ಎಂದು ಹೀನಾಯ ಮಾಡುವಲ್ಲಿ ನಾನು ಎದ್ದು ಕೂರುತ್ತಿದ್ದೆ. ಹುಡುಗ ಅಪ್ಪನ ತಲೆ ಹಾರಿಸಿ ಆಮೇಲೆ ಬದುಕಿಸುವ ತನಕ ರೆಪ್ಪೆ ಮುಚ್ಚುತ್ತಿರಲಿಲ್ಲ. ತೌಡಿನ ಮಕ್ಕಳ ಪಾಲಿಗೆ ಅಷ್ಟು ಸಮಾಧಾನದ ಪ್ರಸಂಗ ಬೇರೆ ಇಲ್ಲ. ಅಕ್ಕ ಇಡೀ ಪ್ರಸಂಗ ನಿದ್ದೆ ಮಾಡುತ್ತಿದ್ದಳು. ಅವಳಿಗೇನು, ಹೆತ್ತ ಮಗಳು.

ಆದರೆ ನಾನು ಯಾವ ಪ್ರಕಾಶಕರಿಗೂ ಜಾಮೀನು ಕೊಟ್ಟು ಹೇಳಬಲ್ಲ ಮಕ್ಕಳ ಕಾದಂಬರಿಯೊಂದು ತುಳುವಿನ ಹಾಡುಗಥೆಯಾದ ಪಾಡ್ದನದಲ್ಲಿ ಬಿದ್ದುಕೊಂಡಿದೆ. ಅಬ್ಬೆ ಅಪ್ಪ ಇಲ್ಲದ ಕೊರಗರ ಹುಡುಗ ತನಿಯ. ಶೇಂದಿಯ ಕುಲಕಸುಬಿನ ಮೈರಕ್ಕೆ ಬೈದೆದಿ ಅವನನ್ನು ದಾರಿಯಲ್ಲಿ ಕಂಡು, ಉಡಲು ಬಟ್ಟೆ ಕೊಟ್ಟು, ಮನೆಗೆ ಕರೆದು ಸಾಕುತ್ತಾಳೆ. ಏಳು ಆಳಿನ ಹೊರೆಯನ್ನು ಅವನು ಒಬ್ಬನೇ ದೇವಸ್ಥಾನಕ್ಕೆ ಹೊರುತ್ತಾನೆ. ಬಾಗಿಲಲ್ಲಿ ತಡೆಯುತ್ತಾರೆ. ನಾನು ಹೊತ್ತದ್ದು ಒಳಗೆ ಹೋಗಬಹುದು, ನಾನು ಹೋಗಬಾರದಾ ಎಂಬುದು ಅವನ ತಕರಾರು. ಎಲ್ಲಿಯಾದರೂ ಮಗು ಕೇಳುವ ಪ್ರಶ್ನೆಯೇ. ಮಾದಳದ ಹಣ್ಣು ಕೊಯ್ಯಲು ಹತ್ತಿದವನು ಹಾಗೇ ಮಾಯವಾಗಿ ದೈವವಾಗುತ್ತಾನೆ. ಪಾಡ್ದನದಿಂದ ಪಾಡ್ದನಕ್ಕೆ ವಿವರ ಬೇರೆ, ಈ ಎಲುಬು ಒಂದೇ. ಇಂದು ಅವನು ಕೊರಗಜ್ಜ. ಕಳೆದುಹೋದ ವಸ್ತು ಸಿಗಲೆಂದು ಚಕ್ಕುಲಿ, ವೀಳ್ಯ, ಕಳ್ಳು ಹರಕೆ ಹೇಳದ ಜಾತಿ ಕರಾವಳಿಯಲ್ಲಿ ಉಳಿದಿಲ್ಲ. ಹುಡುಗ ಇದ್ದಾಗ ಬಾಗಿಲು ತೆರೆಯದವರು ಅಜ್ಜನಾದ ಮೇಲೆ ಕಾರಿನ ಗಾಜಿಗೆ ಅವನ ಹೆಸರು ಅಂಟಿಸಿದ್ದಾರೆ. ಹುಡುಗನಿಂದ ನೇರ ಅಜ್ಜ! ನಡುವೆ ಬೆಳೆಯಲು ಅವನಿಗೆ ಯಾರೂ ಸಮಯ ಕೊಡಲಿಲ್ಲ. ಕಾದಂಬರಿ ಬೇಕಾದದ್ದು ಆ ಜಾಗದಲ್ಲಿ.

ಅದನ್ನು ನಾನು ಬರೆಯಬಾರದು. ನನಗೆ ಸಿಕ್ಕಿದ್ದು ತೌಡಿನ ಕಥೆ. ಅದು ಅಂಗಳದ ಈಚೆಯದು. ಆಚೆಯದನ್ನು ಬರೆಯುವವರು ಗುಂಡ್ಮಿಯಲ್ಲೋ ಶಿರೂರಿನಲ್ಲೋ ಈಗ ಯಾವುದಾದರೂ ಶಾಲೆಯ ಬೆಂಚಿನಲ್ಲಿ ಕೂತಿರಬಹುದು, ಕೊರಗ ಭಾಷೆ, ಕುಂದಗನ್ನಡ, ತುಳು ಎಲ್ಲ ಬಲ್ಲ ನಾಲಿಗೆ ಇಟ್ಟುಕೊಂಡು. ಬರೆದರೆ ಮಕ್ಕಳ ಪುಸ್ತಕದ ಸಂಪಾದಕರು ಮೊದಲು ಮಾಡುವ ಕೆಲಸ ಕಳ್ಳನ್ನು ಎಳನೀರಿಗೆ ಬದಲಾಯಿಸುವುದು. ಬೈದೆದಿಯ ಮನೆಯಲ್ಲಿ ಎಳನೀರು ಎಂದರೆ ತನಿಯನೇ ನಗುತ್ತಾನೆ. ಅದಕ್ಕೆ ಒಪ್ಪಬಾರದು ಎಂದು ಈಗಲೇ ಹೇಳಿಡುತ್ತೇನೆ.

ಕಳೆದ ರಜೆಯಲ್ಲಿ ಬೆಂಗಳೂರಿನಿಂದ ಬಂದ ಅಕ್ಕನ ಮಗಳಿಗೆ ತನಿಯನ ಕಥೆ ಹೇಳಿದೆ. ಅವಳದು ನನ್ನದೇ ಬಣ್ಣ. ಅಕ್ಕನಿಗೆ ದೇವರು ಕೊಟ್ಟ ಉತ್ತರ. ಕಥೆ ಮುಗಿದ ಮೇಲೆ ಅವಳು ಕೇಳಿದ್ದು ಎರಡೇ ಪ್ರಶ್ನೆ. ಆ ಏಳು ಜನ ಆಳುಗಳು ಅವತ್ತು ಕೆಲಸಕ್ಕೆ ಯಾಕೆ ಬರಲಿಲ್ಲ? ಮೈರಕ್ಕೆಯ ಹತ್ತಿರ ತನಿಯನ ಸಂಬಳ ಬಾಕಿ ಇತ್ತಾ?