ಹೊಸ ಕಾರ್ಬೊರೇಟರಿನ ಕಾಲ್ಗುಣ

ಮೈಸೂರಿನ ರಾಮಸ್ವಾಮಿ ವೃತ್ತದಲ್ಲಿ ಹಸಿರು ದೀಪ ಬಿತ್ತು. ಕ್ಲಚ್ ಬಿಡುತ್ತಾ ಎಕ್ಸಿಲರೇಟರ್ ತುಳಿದೆ. ನಮ್ಮ ಫಿಯಟ್ ಒಂದು ಕ್ಷಣ ಉಸಿರು ಬಿಗಿಹಿಡಿದು, ‘ಬುಫ್’ ಎಂದು ಸೀನಿ, ಬೇಡದ ನೆಂಟರ ಮನೆಗೆ ಹೊರಟವರಂತೆ ಮೆಲ್ಲಗೆ ಕದಲಿತು. ಹಿಂದಿನ ಸಿಟಿ ಬಸ್ಸು ಹಾರನ್ ಒತ್ತಿಕೊಂಡೇ ಇತ್ತು. ಪಕ್ಕದ ಆಟೋದವನು ತಲೆ ಹೊರಗೆ ಹಾಕಿ, “ಪಿಕಪ್ ಹೋಗಿದೆ ಸಾರ್!” ಎಂದು ಪುಕ್ಕಟೆ ತಿಳಿಸಿ ಮುಂದೆ ಹೋದ.

ಹೋಗಿದೆ ಎನ್ನುವುದು ನನಗೂ ಗೊತ್ತಿತ್ತು. ಯಾವಾಗ ಹೋಯಿತು ಎನ್ನುವುದೇ ಹೊಟ್ಟೆ ಉರಿಸುವ ಸಂಗತಿ. 39 ವರ್ಷ ದುಡಿದ ಹಳೆಯ ಕಾರ್ಬೊರೇಟರನ್ನು ಇಳಿಸಿ ಹೊಸದನ್ನು ಕೂರಿಸಿದ ಮಾರನೆಯ ದಿನ!

ಅಮ್ಮ ಹಿಂದಿನ ಸೀಟಿನಿಂದಲೇ ತೀರ್ಪು ಕೊಟ್ಟಳು: “ಹೊಸದು ಬಂತಲ್ಲ, ಅದರ ಕಾಲ್ಗುಣ. ಇದ್ದದ್ದನ್ನ ಯಾಕೋ ಬಿಚ್ಚಿಸ್ದೆ?”

ಹಾಗೆ ನೋಡಿದರೆ ಇದ್ದದ್ದು ಚೆನ್ನಾಗಿರಲಿಲ್ಲ. ಒಳಗೆ ಗಾಳಿ ಬಿಡುವ ಬಟರ್‌ಫ್ಲೈ ತಟ್ಟೆಯ ಕಡ್ಡಿ ತಿರುಗೀ ತಿರುಗೀ ಅದರ ತೂತು ಸವೆದು, ಸಂದಿನಿಂದ ಗಾಳಿ ಎಳೆಯುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಇಂಜಿನ್ ಗಡಗಡ ನಡುಗಿ ಆರಿಹೋಗುತ್ತಿತ್ತು. ನಮ್ಮ ಮೆಕ್ಯಾನಿಕ್ ಉಸ್ತಾದರು ಐದಾರು ವರ್ಷ ಹೇಗೋ ಎಳೆದಾಡಿಸಿ, ಕೊನೆಗೆ “ಇನ್ನು ನನ್ನ ಕೈಲಾಗಲ್ಲ ಸಾರ್, ಬೇರೆ ತಂದ್ಬಿಡಿ” ಎಂದಿದ್ದರು.

ತರುವುದು ಎಲ್ಲಿಂದ? ಈ ಕಾರಿಗೆ ನಮ್ಮ ಕಡೆ ಎಲ್ಲರೂ ಫಿಯಟ್ ಎಂದೇ ಅನ್ನುತ್ತೇವೆ, ಆದರೆ ದಾಖಲೆಯಲ್ಲಿ ಅದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100ರ ಅಚ್ಚು, ಮುಂಬಯಿಯ ಕುರ್ಲಾದ ಕಾರ್ಖಾನೆ, ಚಿತ್ತೋಡದ ರಾಣಿಯ ಹೆಸರು. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಅಪ್ಪ 1981ರಲ್ಲಿ ದುಡ್ಡು ಕಟ್ಟಿ ಬುಕ್ ಮಾಡಿದ್ದರು, ಕಾರು ಮನೆಗೆ ಬಂದದ್ದು 1985ರಲ್ಲಿ. ಆ ನಾಲ್ಕು ವರ್ಷದಲ್ಲಿ ನಾನು ಹೈಸ್ಕೂಲು ಮುಗಿಸಿ ಕಾಲೇಜು ಮೆಟ್ಟಿಲು ಹತ್ತಿದ್ದೆ. ಬಂದ ದಿನ ಅಮ್ಮ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಅಪ್ಪ ಚೋಕ್ ಎಳೆದು ಚಾಲೂ ಮಾಡಿದಾಗ ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಈಗ ಎರಡು ಮನೆಗೆ ಮೂರು ಕಾರಿವೆ, ಯಾರೂ ಕಿಟಕಿಯಿಂದಲೂ ಇಣುಕುವುದಿಲ್ಲ.

ಮೈಸೂರಿನವರಿಗೆ ಈ ಕಾರಿನ ಮೇಲೆ ಸ್ವಲ್ಪ ಹಕ್ಕೂ ಇದೆ ಎನ್ನುವುದು ನನ್ನ ವಾದ. 1930ರ ದಶಕದಲ್ಲಿ ನಮ್ಮ ದೇಶದಲ್ಲೇ ಕಾರು ತಯಾರಾಗಬೇಕೆಂದು ಹಟ ಹಿಡಿದು ಯುರೋಪು, ಅಮೆರಿಕ ಸುತ್ತಿ ಯೋಜನೆ ಬರೆದವರು ಸರ್ ಎಂ. ವಿಶ್ವೇಶ್ವರಯ್ಯ. ಉದ್ಯಮಿ ವಾಲಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಮೈಸೂರು ಸರ್ಕಾರವೂ ಕೈಜೋಡಿಸಲು ತಯಾರಿತ್ತು, ಬ್ರಿಟಿಷರು ಬಿಡಲಿಲ್ಲ. ವಾಲಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದು ವಿಮಾನದ ಕಾರ್ಖಾನೆ, ಇವತ್ತಿನ ಎಚ್‌ಎಎಲ್. ಮುಂದೆ ಪದ್ಮಿನಿಯನ್ನು ಮಾಡಿದ ಅವರ ಕಾರಿನ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಅಂದರೆ ಕಾರು ಬರಬೇಕಾದ ಊರಿಗೆ ವಿಮಾನ ಬಂತು! ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೆಲ್ಲ ನನಗೆ ಇದು ದೂರದೃಷ್ಟಿಯ ಕೆಲಸವೆಂದೇ ತೋರುತ್ತದೆ.

ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳೆಲ್ಲ ಇದೇ ಪದ್ಮಿನಿ ಆಗಿದ್ದಷ್ಟು ಕಾಲ ಬಿಡಿಭಾಗಕ್ಕೆ ಬರವಿರಲಿಲ್ಲ. ಕೊನೆಯ ಪದ್ಮಿನಿ ಟ್ಯಾಕ್ಸಿಯ 20 ವರ್ಷದ ಆಯುಸ್ಸು 2023ರ ಅಕ್ಟೋಬರಿನಲ್ಲಿ ಮುಗಿಯಿತು. ನನಗೆ ಕಾರ್ಬೊರೇಟರ್ ಬೇಕಾದದ್ದು ಅದರ ಮರುವರ್ಷ, ನನ್ನ ಎಂದಿನ ಸಮಯಪ್ರಜ್ಞೆಗೆ ತಕ್ಕ ಹಾಗೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದ ಮೇಲೆ ಒಂದು ಅಂಗಡಿಯ ಅಟ್ಟದಿಂದ ಸೋಲೆಕ್ಸ್ ಕಾರ್ಬೊರೇಟರ್ ಒಂದು ಇಳಿದು ಬಂತು. ರಟ್ಟಿನ ಪೆಟ್ಟಿಗೆ ಬಣ್ಣ ಬಿಟ್ಟಿತ್ತು, ಒಳಗೆ ಎಣ್ಣೆಕಾಗದ, ಅದರೊಳಗೆ ಫಳಫಳ ಹೊಳೆಯುವ ಸೋಲೆಕ್ಸ್. “ಒಂದು ಸಲವೂ ಪೆಟ್ರೋಲ್ ಮುಟ್ಟಿಲ್ಲ ಸಾರ್” ಎಂದ ಅಂಗಡಿಯಾತ. ಚೌಕಾಶಿ ಮಾಡದೆ ಕೇಳಿದಷ್ಟು ಕೊಟ್ಟೆ. ಅವನ ಆ ಮಾತಿನಲ್ಲೇ ರೋಗದ ಹೆಸರು ಅಡಗಿತ್ತು, ಆಗ ನನ್ನ ಕಿವಿಗೆ ಬೀಳಲಿಲ್ಲ.

ಉಸ್ತಾದರು ಆಗ ಹರ್ನಿಯಾ ಆಪರೇಷನ್ ಆಗಿ ಮನೆಯಲ್ಲಿದ್ದರು. ಕೂರಿಸಿದವನು ಅವರ ಶಿಷ್ಯ. ಪಿಕಪ್ ಇಲ್ಲ ಎಂದು ವಾಪಸು ಹೋದಾಗ ಆ ಹುಡುಗ ಸ್ಕ್ರೂಡ್ರೈವರ್ ಹಿಡಿದು ಮಿಕ್ಸ್‌ಚರ್ ಸ್ಕ್ರೂವನ್ನು ಒಂದು ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ತಿರುಗಿಸುತ್ತಾ ಸಂಜೆ ಮಾಡಿದ. ನಿಂತಲ್ಲಿ ಇಂಜಿನ್ ತಂಬೂರಿಯಂತೆ ಶ್ರುತಿಯಲ್ಲಿತ್ತು. ತುಳಿದರೆ ಮತ್ತದೇ ಸೀನು. ಪ್ಲಗ್ ಬದಲಾಯಿಸಿದ, ಪಾಯಿಂಟ್ ಉಜ್ಜಿದ, ಟೈಮಿಂಗ್ ಹಿಂದೆ ಮುಂದೆ ಮಾಡಿದ. ಪೆಟ್ರೋಲ್ ಎಳೆಯುವ ಎಸಿ ಪಂಪಿನ ಪೈಪು ಬಿಚ್ಚಿ ಪೆಟ್ರೋಲ್ ಬರುತ್ತದೆಂದು ನನಗೆ ತೋರಿಸಿದ. ಊರಿನಿಂದ ಬಂದಿದ್ದ ಭಾವಮೈದ ಎಲ್ಲವನ್ನೂ ನೋಡಿ, “ಮಾರ್ಬಿಡಿ ಭಾವ” ಎಂದ. ಅವನು ಹತ್ತು ವರ್ಷದಿಂದ ಹೇಳುತ್ತಿರುವುದೂ ಅಷ್ಟೇ.

ಹತ್ತು ದಿನದ ಮೇಲೆ ಉಸ್ತಾದರು ಬಂದರು. ಬಾನೆಟ್ ಎತ್ತಲಿಲ್ಲ. ಮೊದಲು ಬಾಗಿಲು ತೆಗೆದು ಪೆಡಲ್ ಕೆಳಗಿನ ಮ್ಯಾಟನ್ನು ಎಳೆದು ಬಿಸಾಕಿದರು. ನನ್ನ ಹೆಂಡತಿ ಹೊಸದಾಗಿ ಹಾಕಿಸಿದ್ದ ದಪ್ಪ ಮ್ಯಾಟು. “ಇದು ಅಡ್ಡ ಕೂತ್ರೆ ಪೆಡಲ್ ಪೂರ್ತಿ ಹೋಗಲ್ಲ ಸಾರ್” ಎಂದರು. ಆಮೇಲೆ ಏರ್ ಫಿಲ್ಟರ್ ಬಿಚ್ಚಿಸಿ, ನನ್ನ ಕೈಗೆ ಟಾರ್ಚ್ ಕೊಟ್ಟು, ಶಿಷ್ಯನನ್ನು ಒಳಗೆ ಕೂರಿಸಿದರು. ಇಂಜಿನ್ ಆಫ್.

“ಪೂರ್ತಿ ತುಳಿ.”

ಕಾರ್ಬೊರೇಟರಿನ ಗಂಟಲಲ್ಲಿ ಬಟರ್‌ಫ್ಲೈ ತಿರುಗಿತು. ನೆಟ್ಟಗೆ ನಿಲ್ಲಬೇಕಾದದ್ದು ಓರೆಯಾಗಿಯೇ ನಿಂತಿತು. ಪೆಡಲಿನಿಂದ ಅದಕ್ಕೆ ಬರುವ ರಾಡು ಗಿಡ್ಡವಾಗಿತ್ತು. ಶಿಷ್ಯನ ಮುಖ ಅಷ್ಟರಲ್ಲೇ ಸಣ್ಣದಾಗಿತ್ತು. ಆದರೆ ಉಸ್ತಾದರು ನೋಡುತ್ತಿದ್ದದ್ದು ಅದನ್ನಲ್ಲ, ಗಂಟಲಿನ ಪಕ್ಕಕ್ಕೆ ಬಾಗಿದ್ದ ಗುಂಡುಸೂಜಿ ದಪ್ಪದ ಹಿತ್ತಾಳೆ ಕೊಳವೆಯನ್ನು. “ಬಿಡು. ಜೋರಾಗಿ ತುಳಿ.” ಕೊಳವೆಯ ತುದಿಯಲ್ಲಿ ಒಂದು ಹನಿ ಮೂಡಿತು. ನೆಗಡಿಯಾದ ಮಗುವಿನ ಮೂಗಿನಂತೆ ತುಸು ಹೊತ್ತು ತೂಗಾಡಿ ಬಿತ್ತು.

“ಅಲ್ಲಿಂದ ಪಿಚಕಾರಿ ಥರ ಹಾರಬೇಕು ಸಾರ್.”

ಆ ಪಿಚಕಾರಿಯ ಕೆಲಸವನ್ನು ಮದುವೆ ಮನೆಯ ಪಂಕ್ತಿಯ ಲೆಕ್ಕದಲ್ಲಿ ಹೇಳಬಹುದು. ಇಂಜಿನ್ನಿಗೆ ತೂಕದಲ್ಲಿ ಸುಮಾರು 15 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಬೇಕು. ಕಾರ್ಬೊರೇಟರಿನ ಗಂಟಲು ಕಿರಿದಾದ ಕಡೆ ಗಾಳಿ ಜೋರಾಗಿ ಓಡುತ್ತದೆ, ಅಲ್ಲಿ ಒತ್ತಡ ಇಳಿದು ಪೆಟ್ರೋಲ್ ತಾನಾಗಿ ಚಿಮ್ಮಿ ಬರುತ್ತದೆ. ಮೆಲ್ಲಗೆ ತುಳಿದಾಗ ಎಲ್ಲ ಸರಿ. ಥಟ್ಟನೆ ತುಳಿದರೆ ಬಾಗಿಲು ತೆಗೆದ ಕೂಡಲೇ ನುಗ್ಗುವ ನೆಂಟರಂತೆ ಹಗುರವಾದ ಗಾಳಿ ಒಳಗೆ ಬಂದು ಎಲೆ ಮುಂದೆ ಕೂತುಬಿಡುತ್ತದೆ. ಭಾರವಾದ ಪೆಟ್ರೋಲ್ ಸಾಂಬಾರಿನ ಬಕೆಟ್ ಹಿಡಿದು ಹಿಂದೆ ಬರುತ್ತಿರುತ್ತದೆ. ಆ ಹೊತ್ತಿಗೆ ಸಣ್ಣ ಪಾತ್ರೆ ಹಿಡಿದ ಹುಡುಗನೊಬ್ಬ ಮೊದಲೇ ಓಡಿಬಂದು ಒಂದೊಂದು ಸೌಟು ಬಡಿಸಿದರೆ ಪಂಕ್ತಿಯ ಮಾನ ಉಳಿಯುತ್ತದೆ. ಎಕ್ಸಿಲರೇಟರ್ ಪಂಪ್ ಎಂದರೆ ಆ ಹುಡುಗ. ನಮ್ಮ ಪಂಕ್ತಿಯಲ್ಲಿ ಅವನು ಬಂದಿರಲಿಲ್ಲ. ಮಿಕ್ಸ್‌ಚರ್ ಸ್ಕ್ರೂ ನೋಡಿಕೊಳ್ಳುವುದು ನಿಂತಲ್ಲಿನ ಓಟವನ್ನು ಮಾತ್ರ. ಅದನ್ನು ತಿರುಗಿಸಿದ್ದು, ಉಪ್ಪು ಕಡಿಮೆ ಎಂದಾಗ ಒಲೆ ಉರಿ ಹೆಚ್ಚಿಸಿದಂತಾಗಿತ್ತು.

ಉಸ್ತಾದರು ಪಂಪಿನ ಪಕ್ಕದ ನಾಲ್ಕು ಸ್ಕ್ರೂ ಬಿಚ್ಚಿ, ಒಳಗಿನ ರಬ್ಬರು ಪೊರೆ ಡಯಾಫ್ರಮನ್ನು ನನ್ನ ಅಂಗೈ ಮೇಲಿಟ್ಟರು. ವೀಳ್ಯದೆಲೆಯಂತೆ ಮೆತ್ತಗಿರಬೇಕಾದ್ದು ಹಪ್ಪಳದಂತೆ ಸೆಟೆದಿತ್ತು. ಉಗುರಿನಿಂದ ಒತ್ತಿದರೆ ಅಂಚು ಪುಡಿಯಾಯಿತು.

“ಹೊಸದಲ್ವಾ ಇದು?”

“ಹೊಸದೇ ಸಾರ್. ಮೂವತ್ತು ವರ್ಷದ ಹೊಸದು.”

ಪದ್ಮಿನಿಯೇ ನಿಂತುಹೋದ ಮೇಲೆ ಅದರ ಕಾರ್ಬೊರೇಟರನ್ನು ಯಾರು ಮಾಡುತ್ತಾರೆ? ನಾನು ಹೊಸ ಸೊಸೆ ಎಂದು ಆರತಿ ಎತ್ತಿ ಕರೆತಂದವಳು ಅತ್ತೆಯ ಓರಗೆಯವಳೇ. ಅತ್ತೆ ದಿನವೂ ಪೆಟ್ರೋಲಿನಲ್ಲಿ ನೆಂದು ಮೆತ್ತಗೆ ಉಳಿದಳು, ಈಕೆ ಅಟ್ಟದಲ್ಲಿ ಕೂತು ಒಣಗಿದಳು. ಇವಳ ಹಿತ್ತಾಳೆಗೆ ಒಂದು ಗೀರೂ ಬಿದ್ದಿರಲಿಲ್ಲ, ರಬ್ಬರು ಮಾತ್ರ ಮುದಿಯಾಗಿತ್ತು.

“ಹಳೇದು ಎಲ್ಲಿಟ್ರಿ?” ಎಂದರು ಉಸ್ತಾದರು. ಹಳೆಯ ಕಾರ್ಬೊರೇಟರನ್ನು ನಾನು ಗುಜರಿಗೆ ಹಾಕಿರಲಿಲ್ಲ. ಅಪ್ಪ ಕೈಯಿಟ್ಟದ್ದು ಎಂದು ಬೋರ್ನ್‌ವಿಟಾ ಡಬ್ಬದಲ್ಲಿಟ್ಟು ಪುಸ್ತಕದ ಕಪಾಟಿನಲ್ಲಿ ಸೇರಿಸಿದ್ದೆ. ಮೂರು ವರ್ಷದ ಹಿಂದೆ ಅದಕ್ಕೆ ಅವರೇ ಹಾಕಿದ್ದ ಡಯಾಫ್ರಮ್ ಇನ್ನೂ ಮೆತ್ತಗಿತ್ತು. ಅದನ್ನು ಹೊಸದಕ್ಕೆ ಕೂರಿಸಿ, ರಾಡನ್ನು ನಾಲ್ಕು ಮರೆ ಹೊರಕ್ಕೆ ತಿರುಗಿಸಿ ಉದ್ದ ಮಾಡಿ, ಮತ್ತೆ ತುಳಿಸಿದರು. ಟಾರ್ಚ್ ಬೆಳಕಿನಲ್ಲಿ ಪೆಟ್ರೋಲ್ ದಾರದಂತೆ ಹಾರಿತು. “ಈಗಿನ ಪೆಟ್ರೋಲಲ್ಲಿ ಸ್ಪಿರಿಟ್ ಸೇರಿಸ್ತಾರೆ. ಹಳೇ ಕಾಲದ ರಬ್ಬರ್‌ಗೆ ಅದು ಆಗಿಬರಲ್ಲ. ಇದೂ ಎಷ್ಟು ದಿನವೋ” ಎಂದು ಕೈ ಒರೆಸಿಕೊಂಡರು. 100ಕ್ಕೆ 20 ಪಾಲು ಎಥನಾಲ್ ಎಂದು ಬಂಕಿನಲ್ಲೇ ಬರೆದಿರುತ್ತಾರೆ.

ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟೆ. ಮೈಸೂರಿನಲ್ಲಿ ಪಿಕಪ್ ಪರೀಕ್ಷೆಗೆ ಬೇರೆ ದಾರಿ ಬೇಕಿಲ್ಲ. ಮೂರನೇ ಗೇರಿನಲ್ಲಿ ಏರು ಹತ್ತುತ್ತಾ ತುಳಿದೆ. ಸೀನಿಲ್ಲ, ಕೆಮ್ಮಿಲ್ಲ, ಬೆನ್ನು ಸೀಟಿಗೆ ಒತ್ತಿತು. ಒಂದೆರಡು ಸ್ಕೂಟರನ್ನು ಹಿಂದೆ ಹಾಕಿದೆ ಎಂದು ಇಲ್ಲಿ ಬರೆಯದಿದ್ದರೆ ನನಗೆ ನಿದ್ದೆ ಬಾರದು. ನಂದಿಗೆ ಕವಲೊಡೆಯುವ ತಿರುವು ಹತ್ತಿರ ಬಂತು.

“ಎರಡಕ್ಕೆ ಹಾಕೋ. ನಿಮ್ಮಪ್ಪ ಇಲ್ಲಿ ಎರಡಕ್ಕೆ ಹಾಕ್ತಿದ್ರು.”

“ಬೇಕಾಗಿಲ್ಲಮ್ಮ, ಈಗ ಪಿಕಪ್ ಇದೆ.”

“ಇರ್ಲಿ. ಹಾಕು.”

ಕ್ಲಚ್ ತುಳಿದು ಗೇರನ್ನು ಎರಡಕ್ಕೆ ಇಳಿಸಿದೆ.